ಕೊಳಚೆ ನೀರಿನಿಂದ ಕರೆಂಟು ಬಂದ ದಿನ

ಹಲೋ... ಯಾರು ಮಾತಾಡೋದು? ಹೊಸಾ ನಂಬರು, ಗೊತ್ತಾಗ್ಲಿಲ್ಲ...

ಹಾಂ, ದೀಪಾನಾ! ಯಾರ ಫೋನವ್ವ ಇದು?... ವಾರ್ಡನ್ ಮೇಡಂದಾ. ಸಿರಿಗೆರೆಯಾಗೆ ಎಲ್ಲಾ ಸುಖಾನಾ? ಊಟ ಆತಾ?...

ನನ್ನ ದನಿಗಾ? ಏನೂ ಆಗಿಲ್ಲ ಕಣವ್ವ, ಖುಷಿಗೆ ಹಿಂಗಾಗೈತೆ. ನಮ್ಮ ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟಿನಾಗೆ ಇವತ್ತು ಕರೆಂಟು ಹುಟ್ತು!...

ಅಯ್ಯೋ, ನಗಬ್ಯಾಡ. ಹಿರಿಯೂರಿನ ಬಚ್ಚಲು, ಕಕ್ಕಸಿನ ನೀರಿಂದಾನೇ. ಅದರ ರಾಡಿ ಮುಚ್ಚಿದ ಟ್ಯಾಂಕಿನಾಗೆ ಕೊಳೀತೈತೆ, ಗ್ಯಾಸ್ ಬರ್ತೈತೆ, ಆ ಗ್ಯಾಸಿಗೆ ಇಂಜಿನ್ ತಿರುಗಿ ಕರೆಂಟು ಹುಟ್ತೈತೆ. ಗೋಬರ್ ಗ್ಯಾಸಿನ ದೊಡ್ಡಣ್ಣ ಅನ್ಕ...

ಎಲ್ಲಿ ಸಲೀಸು? ಬೆಳಿಗ್ಗೆಯಿಂದ ಮೂರು ಸಲ ಚಾಲೂ ಮಾಡಿದ್ರು. ಕೆಮ್ಮೋದು, ನಿಂತೋಗೋದು. ಬೆಂಗಳೂರಿಂದ ಬಂದಿದ್ದ ಸಾಹೇಬ್ರು, "ಗ್ಯಾಸ್ ಸಾಲ್ದು, ಇಂಜಿನ್ ಬೇರೆ ಊರಿಗೆ ಕಳಿಸಾಣ" ಅಂದೇಬಿಟ್ರು. ಪಾಪ, ನಮ್ಮ ಇಂಜಿನಿಯರ್ ಶಾಹಿಸ್ತಾ ಮೇಡಂ ಮುಖ ಸಪ್ಪಗಾತು. ಎರಡು ವರ್ಷ ಓಡಾಡಿ ಅದನ್ನ ತರಿಸಿದ್ದು ಅವ್ರೇ ಅಲ್ವಾ?...

ನಾನಾ? ಪೈಪಿಗೆ ಕಿವಿ ಕೊಟ್ಟೆ. ಒಳಗೆ ಗುಳುಗುಳು... ಹೂಂ, ನೀರು! ಗ್ಯಾಸಿನ ಪಸೆ ನೀರಾಗಿ ಪೈಪಿನ ತಗ್ಗಿನಾಗೆ ಗ್ಯಾಸಿಗೇ ಅಡ್ಡ ನಿಂತಿತ್ತು. ಇಪ್ಪತ್ತೆರಡು ವರ್ಷ ಚರಂಡಿ ಪೈಪು ಬಿಡಿಸಿದೋನಿಗೆ ಆ ಸದ್ದು ಗೊತ್ತಾಗಲ್ವಾ? ಹೇಳ್ದೆ. ಸಾಹೇಬ್ರು ನಕ್ರು. ಮೇಡಂ ನಗಲಿಲ್ಲ. "ಕಾಟಯ್ಯ, ನೀವು ಹೇಳಿದ ಕಡೆನೇ ನೋಡಾಣ" ಅಂದ್ರು...

ಇಲ್ಲ ಇಲ್ಲ, ಗುಂಡಿಗೆ ಇಳೀಲಿಲ್ಲ, ನಿನ್ನಾಣೆ. ಮೇಲಿಂದಾನೇ ಪೈಪಿನ ನೀರು ಬಿಡೋ ನಲ್ಲಿ ತಿರುವಿದ್ದು. ಒಂದೂವರೆ ಬಕೀಟು ನೀರು ಬಂತು! ಆಮ್ಯಾಲೆ ಚಾಲೂ ಮಾಡಿದ್ರೆ... ಗಡಗಡ ಗಡಗಡ! ಆಫೀಸಿನ ಫ್ಯಾನು, ಕೊಳಚೆ ನೀರಿಗೆ ಗಾಳಿ ಊದೋ ಮೋಟ್ರು, ಎಲ್ಲಾ ನಮ್ಮ ಕರೆಂಟಿಗೇ ತಿರುಗಿದ್ವು...

ಸಾಹೇಬ್ರಾ? ಕೈ ಕುಲುಕಿದ್ರು. "ಕೈ ತೊಳ್ಕಂಡು ಬರ್ತೀನಿ, ತಡೀರಿ" ಅಂದೆ. ತಡೀಲೇ ಇಲ್ಲ, ರಾಡಿ ಕೈನೇ ಹಿಡ್ಕಂಡ್ರು... ಇಂಜಿನ್ ಇಲ್ಲೇ ಇರ್ತೈತಂತೆ, ಬರೆದೇ ಕೊಟ್ರು...

ಏನವ್ವಾ? ಜೋರಾಗಿ ಹೇಳು... ನಿಮ್ಮ ಕ್ಲಾಸಿನೋರು ನೋಡಾಕೆ ಬರ್ತಾರಾ? ಮತ್ತೆ... ನಮ್ಮಪ್ಪ ಅಲ್ಲೇ ಕೆಲಸ ಮಾಡೋದು ಅಂತ ಹೇಳಿದ್ಯಾ ಅವ್ರಿಗೆ?... ಇಷ್ಟು ದಿನ "ನಗರಸಭೆ ಆಫೀಸು" ಅಂತಿದ್ದೆ, ನಂಗೊತ್ತು. ಬಿಡು, ಅಳಬ್ಯಾಡ. ನಂಗೇನೂ ಬೇಜಾರಿಲ್ಲ...

ಹಾಂ? ಎಲ್ರೂ ಕೇಳಿಸ್ಕಂತಾ ಅವ್ರಾ? ಸ್ಪೀಕರ್ ಹಾಕಿದ್ಯಾ? ಅಯ್ಯೋ ನನ್ನ ತಾಯಿ!... ಹಾಂ, ನಮಸ್ಕಾರ ಮಕ್ಕಳೇ, ನಮಸ್ಕಾರ... ಹೌದು, ನಾನೇ ದೀಪಾನ ಅಪ್ಪ. ಬರ್ರಿ, ಎಲ್ರೂ ಬರ್ರಿ, ನಾನೇ ಚಾಲೂ ಮಾಡಿ ತೋರಿಸ್ತೀ... ಹಲೋ? ದೀಪಾ?... ಲೈನು ಕಟ್ಟಾತಾ? ಹಲೋ...