ಬಾಯಿತುಂಬ ಎಲೆ ಅಡಿಕೆ

ಗದಗಿನ ಆಸ್ಪತ್ರೆಯಲ್ಲಿ ಕಣ್ಣು ತೋರಿಸಲು ಕುಳಿತಿದ್ದೆ. ತಮಗೆ ತಾವೇ ನೋವು ಮಾಡಿಕೊಂಡ ಮಕ್ಕಳ ತಂದೆತಾಯಿಗಳಿಗೆ ಅಲ್ಲಿ ವಾರಕ್ಕೊಮ್ಮೆ ಪಾಠ ನಡೆಯುತ್ತದೆ. ಅದಕ್ಕೆ ಬಂದ ಅಡರಕಟ್ಟಿಯ ವಿರೂಪಾಕ್ಷಪ್ಪ, ಹಮ್ಮಿಗಿಯ ಗದಿಗೆವ್ವ ನನ್ನ ಪಕ್ಕದಲ್ಲೇ ಮಾತಾಡುತ್ತಿದ್ದರು.

"ಅಣ್ಣಾರ, ಪಾಠದಾಗ ಮೇಡಮ್ಮೋರು ಹೇಳಿದ್ದು ಮಾಡಿದ್ರೇನು?"

"ಮಾಡಿದೆ ತಂಗೆವ್ವಾ. ಮಗಳು ಮಾತಾಡುವಾಗ ಬುದ್ಧಿ ಹೇಳಬ್ಯಾಡ್ರಿ, ಬರೇ ಕೇಳ್ರಿ ಅಂದಿದ್ರಲ್ಲ."

"ನಿಮ್ಮ ಬಾಯಿ ಸುಮ್ಮನಿತ್ತೇನು? ಮೇಡಮ್ಮೋರಿಗೇ ಬುದ್ಧಿ ಹೇಳಾವ್ರು ನೀವು."

"ಅದಕ್ಕಂತನ ಬಾಯಿತುಂಬ ಎಲಿ ಅಡಿಕಿ ಹಾಕ್ಕೊಂಡು ಕುಂತೆ."

"ಅಯ್ಯ ಶಿವನ."

"ಅನ್ನಪೂರ್ಣ ಮೊದಲು ಗೆಳತ್ಯಾರು ಮಾತು ಬಿಟ್ಟಿದ್ದು ಹೇಳಿದ್ಲು. ಆಮ್ಯಾಲ ನಾ ಬೈದಿದ್ದೂ ಹೇಳಿದ್ಲು. ಉಗುಳಾಕ ಎದ್ದರ ಆಕಿ ಮಾತು ನಿಲ್ಲತೈತಿ."

"ಮತ್ತ ಏನ್ ಮಾಡಿದ್ರಿ?"

"ನುಂಗಿದೆ. ಕಣ್ಣಾಗ ನೀರು ಬಂತು. ಅದನ್ನ ನೋಡಿ ಆಕಿ ನಕ್ಕಬಿಟ್ಲು."

ಗದಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಆಕಿ ನಗು ಕೇಳಿ ಭಾಳ ದಿನ ಆಗಿತ್ತವ್ವಾ. ಮತ್ತ ಹಂಗ ಮಾಡ್ಕೋಬೇಕು ಅನ್ನಿಸಿದ್ರ ಮೊದಲ ನಿನಗ ಹೇಳ್ತೀನಪ್ಪಾ ಅಂದ್ಲು."

"ಖರೆ?"

"ಖರೇನ."

"ನನ್ನ ಮಗ ಇನ್ನೂ ಬಾಗಿಲಾ ಹಾಕ್ಕೊಂಡ ಕುಂಡ್ರತಾನಣ್ಣಾರ."

"ತಗೀತಾನ. ನೀ ಹೊರಗ ಕುಂಡ್ರೋದು ಬಿಡಬ್ಯಾಡ. ಎಲಿ ಮಾತ್ರ ಸಣ್ಣದು ಹಾಕ್ಕೋ."

ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದು ಹೋದರು. ಸ್ವಲ್ಪ ಹೊತ್ತಿನಲ್ಲೇ ಮುಚ್ಚಿದ ಬಾಗಿಲಿನ ಆಚೆ ವಿರೂಪಾಕ್ಷಪ್ಪನ ದನಿ, ಅದರ ಬೆನ್ನಿಗೇ ಹತ್ತಾರು ತಂದೆತಾಯಿಗಳು ಒಟ್ಟಿಗೆ ನಕ್ಕದ್ದು ಕೇಳಿಸಿತು.