ಮೂಲೆಯ ಎರಡಕ್ಷರ

ಸರ್ಕಾರಿ ಕಚೇರಿಯ ಲಿಫ್ಟಿಗೆ ಐದಾರು ಜನರ ಜೊತೆ ಕಾಯುತ್ತಿದ್ದೆ. ಮುಂದೆ ಊಟದ ಚೀಲ ಹಿಡಿದ ಟೈಪಿಸ್ಟ್, ಜೊತೆಗೊಬ್ಬ ವಯಸ್ಸಾದ ಜವಾನ.

"ಅಣ್ಣ, ರಾತ್ರಿ ಸಂಪುಟ ಬದಲಾಯ್ತಂತೆ. ನಮ್ಮ ಖಾತೆ ಯಾರಿಗೆ?"

"ಯಾರ ಮೇಲೆ ತನಿಖೆ ಆಗ್ಬೇಕು ಅಂತ ಹಳೇ ಮಂತ್ರಿಗಳು ಬರೆಸಿದ್ರೋ, ಅವರಿಗೇ."

"ಅಯ್ಯೋ! ಆ ಪತ್ರ ಟೈಪ್ ಮಾಡಿದ್ದು ನಾನು."

"ಸಹಿ ಮಂತ್ರಿಗಳದ್ದಲ್ವೇನಮ್ಮ?"

"ಅವರಿಗೇನು, ಬೇರೆ ಖಾತೆ ಸಿಕ್ತು. ಟೈಪ್ ಮಾಡಿದವರ ಗುರುತು ಅಂತ ಕೆಳಗಡೆ ಮೂಲೇಲಿ ನನ್ನ ಹೆಸರಿನ ಎರಡಕ್ಷರ ಇದೆ."

"ಅಷ್ಟು ಸಣ್ಣದನ್ನ ಯಾರು ನೋಡ್ತಾರೆ?"

"ಹೊಸಬರು ಬಂದ್ರಾ?"

"ಬಂದ್ರು. ಕುರ್ಚೀಲಿ ಕೂರೋ ಮೊದ್ಲೇ ಆ ಫೈಲ್ ಕೇಳಿದ್ರು."

"ಕೊಟ್ರಾ ಅಣ್ಣ?"

"ಕೊಡದೆ ಏನ್ಮಾಡ್ಲಿ? ಓದಿದ್ರು. ಆಮೇಲೆ ನಿನ್ನನ್ನ ಕರ್ಕೊಂಡು ಬಾ ಅಂತ ನನ್ನ ಕೆಳಗೆ ಕಳಿಸಿದ್ರು."

ಲಿಫ್ಟ್ ಬಂತು. ಆಕೆ ಅವನ ತೋಳು ಹಿಡಿದುಕೊಂಡೇ ಒಳಗೆ ಹೋದಳು. ಇನ್ನೂ ನಾಲ್ವರಿಗೆ ಜಾಗವಿತ್ತು. ನಾವ್ಯಾರೂ ಹತ್ತಲಿಲ್ಲ.