ಬೀರುವಿನ ಹಿಂದಿನ ಗೋಡೆ

ಅಯ್ಯೋ ನೊರೀನ್, ಅಲ್ಲಿ ಕೂತ್ಕೋಬೇಡ್ವೇ! ಈ ಕಡೆ ಬಾ, ಕಿಟಕಿ ಪಕ್ಕ. ಯಾವಾಗ್ಲೂ ಅಡುಗೆಮನೇಲಿ ತಾನೆ ನಮ್ಮ ಟೀ? ನೀನು ಕೇಳಿದ್ರೆ ತಾನೆ! ಸೀದಾ ಮುಂದಿನ ಕೋಣೆಗೇ ನುಗ್ಬಿಟ್ಟೆ.

ಹ್ಞಾಂ, ಎಲ್ಲಿದ್ದೆ? ಆ ಗೋಡೆ ತುಂಬಿಸೋ ಅರ್ಜಿ. ಹಾಕು ರುಜು! ಯೋಚ್ನೆ ಮಾಡೋಕೆ ಏನಿದೆ? ನಮ್ಮದೆಲ್ಲ ಹಳೇ ಜೋಡಿ ಗೋಡೆ, ನಡುವೆ ಎರಡಂಗುಲ ಪೊಳ್ಳು. ನಾಳೆ ಬೆಳಿಗ್ಗೆ ಕಂಪನಿಯೋರು ಬರ್ತಾರೆ, ಹೊರಗಿಂದ ತೂತು ಕೊರೀತಾರೆ, ಪೊಳ್ಳಿನೊಳಗೆ ಹತ್ತಿಯಂಥ ನಾರು ಊದ್ತಾರೆ, ನಿನ್ನ ಬಿಸ್ಕೆಟ್ ಡಬ್ಬಿ ಖಾಲಿ ಮಾಡಿ ಹೋಗ್ತಾರೆ. ಸಂಜೆಗೆ ಮನೆ ಬೆಚ್ಚಗೆ! ಆಸ್ಪತ್ರೆಯಿಂದ ಬಂದಿರೋ ನಿನ್ನ ಗಂಡ ಫ್ರ್ಯಾಂಕ್ ಎದೆಗೂ ಹಿತ. ಡಾಕ್ಟರು ಏನಂದ್ರು? ತಣ್ಣಗಿರಬಾರ್ದು... ತೇವವೂ ಇರಬಾರ್ದು ಅಂದ್ರಾ? ಹ್ಞೂಂ. ತೇವ... ಇರಲ್ಲ ಬಿಡು.

ಯಾಕೆ ನಗ್ತೀಯ? ಕೋಟಾ? ಮನೆಯೊಳಗೆ ಕೋಟು ಹಾಕ್ಕೊಂಡ್ರೆ ತಪ್ಪಾ? ಈಗ ತಾನೇ ಹೊರಗಿಂದ ಬಂದೆ. ಬೆಳಿಗ್ಗೆ... ಬೆಳಿಗ್ಗೆ ಬಂದೆ.

ಬೀದೀಲಿ ಮೊದಲು ಮಾಡಿಸ್ದೋಳು ನಾನು! ನನ್ನ ಮಾತು ಕೇಳಿ ಕೆಳಗಿನ ಐದು ಮನೆಯೋರು ಮಾಡಿಸಿದ್ರು, ಹಾಯಾಗಿದಾರೆ. ನಾವಿಬ್ರು ಗುಡ್ಡದ ತುದೀಲಿದ್ರೆ ಏನಾಯ್ತು? ಗೋಡೆ ಗೋಡೇನೇ. ನನ್ನ ಗಂಡ ವಿಲ್ಫ್ ಕೂಡ ಹೇಳ್ತಿದ್ದ, ಮೂವತ್ತು ವರ್ಷ ಇಟ್ಟಿಗೆ ಕಟ್ಟಿದ ಕೈ, 'ಎಡ್ನಾ, ಈ ಗೋಡೆ ತುಂಬಿಸಿಬಿಡು' ಅಂತ.

ವಾಸನೆನಾ? ನಾಯೀದು. ಹೌದು, ನಾಯಿ ಸತ್ತು ಎರಡು ವರ್ಷ ಆಯ್ತು. ಕೆಲವು ನಾಯಿಗಳೇ ಹಾಗೆ.

ಮತ್ತೇನು ನೋಡ್ತೀಯ? ಬಟ್ಟೆ ಬೀರು. ಮುಂದಿನ ಕೋಣೇಲಿ ಬಟ್ಟೆ ಬೀರು ಇಡಬಾರ್ದು ಅಂತ ಪಾದ್ರಿಗಳೇನಾದ್ರೂ ಹೇಳಿದಾರಾ? ಟೀ ಆರುತ್ತೆ, ಕುಡಿ. ನೊರೀನ್, ಯಾಕೆ ಎದ್ದೆ? ಮುಟ್ಬೇಡ! ಭಾರ ಇದೆ, ನಿನ್ನ ಸೊಂಟ... ಬೇಡ ಅಂದ್ನಲ್ಲೇ! ನೊರೀನ್!

...

ಸರಿಸೇಬಿಟ್ಯಾ ಬೀರು.

ಬೈಯಿ. ಹೀಗೆ ಗೋಡೆ ಮೇಲಿನ ಆ ಕಪ್ಪು ಬೂಷ್ಟು ಬೆರಳಲ್ಲಿ ಕೆರೀತಾ ನಿಂತ್ರೆ ನಾನೇನು ಮಾಡ್ಲಿ? ಹೌದು, ಒದ್ದೆ. ಮೂರು ಸಲ ವಾಲ್‌ಪೇಪರ್ ಅಂಟಿಸ್ದೆ, ಮೂರು ಸಲವೂ ಸುಲಿದು ಬಂತು. ಆಮೇಲೆ ಬೀರು ತಂದಿಟ್ಟೆ. ಬೀದಿಗೆಲ್ಲ ಡಂಗುರ ಸಾರಿದ್ಮೇಲೆ ತಪ್ಪಾಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?

ವಿಲ್ಫ್ ತುಂಬಿಸು ಅನ್ಲಿಲ್ಲ. ಸಾಯೋ ಹಿಂದಿನ ವಾರ ಕೈ ಹಿಡ್ಕೊಂಡು ಹೇಳ್ದ, 'ಎಡ್ನಾ, ಗುಡ್ಡದ ಮಳೆ ನೇರ ಹೊಡೆಯೋ ಗೋಡೆ ಇದು. ಆ ಪೊಳ್ಳು ಮುಚ್ಚಬೇಡ, ನೀರು ಒಳಗೆ ದಾಟುತ್ತೆ' ಅಂತ. ಅವನು ಹೋದ ಚಳಿಗಾಲದಲ್ಲಿ ಈ ಮನೆ ಎಷ್ಟು ತಣ್ಣಗಿತ್ತು ಗೊತ್ತಾ ನಿಂಗೆ? ಆ ಚಳಿ ಗೋಡೆಯಿಂದ ಬಂದಿದ್ದಲ್ಲ ಅಂತ ನಂಗೆ ಯಾರೂ ಹೇಳ್ಲಿಲ್ಲ.

ಫ್ರ್ಯಾಂಕ್‌ಗೆ ಹೇಳ್ಬೇಡ... ಅಲ್ಲ, ಹೇಳು. ಆ ಅರ್ಜಿ ಹರಿದು ಹಾಕು. ಹರಿದೇಬಿಟ್ಯಾ? ಒಳ್ಳೇದಾಯ್ತು. ಫ್ರ್ಯಾಂಕ್ ಎದೆ ನೆನಪಾಗದೆ ಇರ್ಲಿಲ್ಲ ಕಣೇ ನಂಗೆ. ನೆನಪಿದ್ದೂ ರುಜು ಹಾಕು ಅಂದೆ.

ಎಲ್ಲಿಗೆ? ನೊರೀನ್... ಟೀ ಮುಟ್ಟೇ ಇಲ್ವಲ್ಲೇ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನೀನು ನನ್ನ ಟೀ ಬಿಟ್ಟು ಎದ್ದು ಹೋದೋಳಲ್ಲ.